ಬಲಕ್ಕೆ ತಿರುಗುವ ಡಬ್ಬಿ

ತಿರುಗದೇ ಹೋದರೆ? ಬಲೂನು ಸಡಿಲವಾಯಿತೆ? ಬಿಗಿಯಾಯಿತೆ? ಅಥವಾ ತಪ್ಪು ಬಲೂನಿನದೇ ಅಲ್ಲವೇನೋ. ಬಿಸಿಯಾದ ಗಾಳಿ ಹಿಗ್ಗುತ್ತದೆ ಎಂದು ಪುಸ್ತಕ ಹೇಳುತ್ತದೆ, ನಿಜ; ಆದರೆ ಆ ಪುಸ್ತಕ ಬರೆದವನು ಕೂಡ್ಲಿಗಿಯ ಬೇಸಿಗೆ ನೋಡಿದ್ದನೆ? ಇಲ್ಲಿನ ಗಾಳಿ ಶಿವರಾತ್ರಿಯ ಹೊತ್ತಿಗೇ ಹಿಗ್ಗಬೇಕಾದಷ್ಟು ಹಿಗ್ಗಿ ಸುಮ್ಮನಾಗಿರುತ್ತದೆ. ಇನ್ನು ಒಂದು ದೀಪದ ಮಾತಿಗೆ ಅದು ಕಿವಿಗೊಟ್ಟೀತೆ?

ಬಸವೇಶ ಬೆಳಗಿನಿಂದ ಹೀಗೆ ಯೋಚಿಸುತ್ತ ದೇವರ ಕೋಣೆಯ ಹೊಸ್ತಿಲ ಬಳಿ ಕುಕ್ಕರಗಾಲಿನಲ್ಲಿ ಕೂತಿದ್ದ. ಎದುರಿಗೆ ಅವನ ಎಂಜಿನ್ನು. ಒಂದು ಚಪ್ಪಟೆ ಬಿಸ್ಕತ್ತಿನ ಡಬ್ಬಿ. ಅದರ ಒಳಗೆ ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ಒತ್ತಿ ಮಾಡಿದ ಬಿಲ್ಲೆ. ಮುಚ್ಚಳದ ತೂತಿಗೆ ಬಿಗಿದ ಬಲೂನು. ಸೈಕಲ್ ಕಡ್ಡಿ ಬಗ್ಗಿಸಿದ ಅಚ್ಚು. ಅಚ್ಚಿನ ತುದಿಗೆ ಚಕ್ರವಾಗಿ ಒಂದು ಹಳೆಯ ಸಿ.ಡಿ. ಪುಸ್ತಕದ ಪ್ರಕಾರ ಕೆಳಗೆ ಬಿಸಿ, ಮೇಲೆ ತಂಪು ಇದ್ದರೆ, ಬಿಲ್ಲೆ ನೂಕಿದಂತೆ ಡಬ್ಬಿಯೊಳಗಿನ ಗಾಳಿ ಕೆಳಗೆ ಹೋದಾಗ ಹಿಗ್ಗಿ, ಮೇಲೆ ಬಂದಾಗ ಕುಗ್ಗಿ, ಬಲೂನನ್ನು ನೂಕಿ ಎಳೆದು ಚಕ್ರವನ್ನು ತಿರುಗಿಸಬೇಕು. ಯುಗಾದಿಯಿಂದ ಅದು ಒಂದು ಸಲವೂ ತಿರುಗಿರಲಿಲ್ಲ. ಇವತ್ತು ಬೇರೆ ದೀಪ ಸಿಗದೆ, ಅವ್ವ ಸ್ನಾನಕ್ಕೆ ಹೋದ ಸಮಯ ನೋಡಿ, ದೇವರ ಮುಂದಿನ ಹಿತ್ತಾಳೆ ದೀಪವನ್ನೇ ಎತ್ತಿ ತಂದು ಡಬ್ಬಿಯ ಕೆಳಗಿಟ್ಟಿದ್ದ.

ಬಸವೇಶ ಬಿ.ಎಸ್ಸಿ. ಓದಿದವನು, ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕ. ಮಾತು ಕಡಿಮೆ. ಮಾತು ಕಡಿಮೆಯಿದ್ದವರ ತಲೆಯಲ್ಲಿ ಏನೋ ದೊಡ್ಡದು ಇರುತ್ತದೆಂದು ನಮ್ಮ ಜನ ನಂಬುತ್ತಾರೆ. ಬಸವೇಶನೂ ನಂಬಿದ್ದ. ಯಾರಾದರೂ ಏನಾದರೂ ಕೇಳಿದರೆ ಅವನು ದೂರದ ಗುಡ್ಡದ ಮೇಲಿನ ಗಾಳಿಗಿರಣಿಗಳನ್ನು ನೋಡುತ್ತ ನಿಲ್ಲುತ್ತಿದ್ದ. ಕೇಳಿದವರು ಉತ್ತರ ಸಿಕ್ಕಿತೆಂದುಕೊಂಡು ಹೋಗುತ್ತಿದ್ದರು.

ಇಂಥವನು ಒಂದು ದಿನ ಬಾಯಿ ಬಿಟ್ಟ. ಅದೇ ಎಡವಟ್ಟಾಯಿತು. ಮಕ್ತುಂ ಸಾಬರ ಗ್ಯಾರೇಜಿನಲ್ಲಿ ಎದುರು ಮನೆಯ ಶಿವಲೀಲಾ ತನ್ನ ಸ್ಕೂಟಿಯ ಪಂಕ್ಚರ್ ಹಾಕಿಸುತ್ತ ನಿಂತಿದ್ದಳು. ಅವಳು ಟೇಲರು. ಬಟ್ಟೆಯ ಅಳತೆ ತೆಗೆಯುವಷ್ಟೇ ಸಲೀಸಾಗಿ ಮನುಷ್ಯರ ಅಳತೆಯನ್ನೂ ತೆಗೆಯುವವಳು. ಆಕೆಯ ಮುಂದೆಯೇ ಮಕ್ತುಂ ಸಾಬರು, "ಏನ್ ಸರ್, ಬಿ.ಎಸ್ಸಿ. ಓದಿ ಏನ್ ಕಿಸಿದ್ರಿ? ಒಂದ್ ಪಂಕ್ಚರ್ ಹಾಕಾಕರ ಬರತೈತೇನ್ರಿ?" ಎಂದುಬಿಟ್ಟರು.

"ಪೆಟ್ರೋಲ್ ಇಲ್ಲದ ಎಂಜಿನ್ ಮಾಡಾಕತ್ತೀನಿ. ಬರೇ ಗುಜರಿ ಸಾಮಾನಿನಾಗ," ಅಂದ ಬಸವೇಶ. ಮಾಡುತ್ತಿರಲಿಲ್ಲ.

ಶಿವಲೀಲಾ ನಕ್ಕಳು. "ಚಲೋ ಆತು ಬಿಡ್ರಿ. ಮಾತಿಲ್ಲದ ಮನುಷ್ಯಾಗ ಪೆಟ್ರೋಲ್ ಇಲ್ಲದ ಎಂಜಿನ್ನು." ಆದರೆ ಅವನು ನಿಜವಾಗಿಯೂ ಶುರು ಹಚ್ಚಿದ್ದನ್ನು ಕಂಡು, ಕೆಲವು ದಿನದಲ್ಲೇ ತಾನೇ ಅವನ ಮನೆಯ ಬಾಗಿಲಿಗೆ ಬಂದು, ಸಿ.ಡಿ.ಯ ನಡುವಿನ ತೂತಿಗೆ ಸರಿಯಾಗಿ ಕೂರುವಂತೆ ತನ್ನ ಹೊಲಿಗೆ ಯಂತ್ರದಲ್ಲಿ ದಾರ ಸುತ್ತುವ ಒಂದು ಬಾಬಿನ್ ಕೊಟ್ಟಳು. "ತಿರುಗಿದ ದಿನ ಮೊದಲು ನನ್ನ ಕರೀಬೇಕು ನೋಡ್ರಿ," ಅಂದಳು.

ಬಸವೇಶ ಈ ಮಾತನ್ನು ವಾರವಿಡೀ ಚಿಂತಿಸಿದ. ಬಾಬಿನ್ನಿನ ವ್ಯಾಸದ ಬಗ್ಗೆ.

ಈಗ ಅವ್ವ ಮರುಳಸಿದ್ದಮ್ಮ ಸ್ನಾನ ಮುಗಿಸಿ, ನೀರಲ್ಲಿ ಅದ್ದಿದ ಕಣಗಿಲೆ ಹೂ ಕೈಲಿ ಹಿಡಿದು ಬಂದವಳು ಗಕ್ಕನೆ ನಿಂತಳು. ದೇವರ ಮುಂದೆ ದೀಪವಿಲ್ಲ. ದೀಪ ಒಂದು ಡಬ್ಬಿಯ ಕೆಳಗಿದೆ. ಒದ್ದೆ ಸೀರೆಯಲ್ಲಿ ದೇವರ ಹತ್ತಿರ ಜಗಳವಾಡಬಾರದೆಂದು ಆಕೆಯ ನೇಮ. ಹಾಗಾಗಿ ದೀಪ ಎಲ್ಲಿದೆಯೋ ದೇವರೂ ಅಲ್ಲೇ ಇರಲಿ ಎಂದು ಹೂವನ್ನು ಡಬ್ಬಿಯ ಮೇಲೇ ಇಟ್ಟು ಕಣ್ಣು ಮುಚ್ಚಿದಳು.

"ಕೊಟ್ರಯ್ಯಾ, ನನ್ನಪ್ಪಾ, ಈ ಮೂಗಬಸವಣ್ಣಗ ಈ ವರ್ಷರ ಒಂದು ಹೆಣ್ಣು ಸಿಗತೈತೇನೋ?"

ಹೂವಿನ ನೀರು ಸುರಿದು ಡಬ್ಬಿಯ ಮುಚ್ಚಳ ತಣ್ಣಗಾಯಿತು. ಹೂ ಜಾರಿ ಚಕ್ರಕ್ಕೆ ತಗುಲಿತು. ಚಕ್ರ ಒಮ್ಮೆ ಅನುಮಾನಿಸಿತು, ಆಮೇಲೆ ಟಕಟಕ ಎಂದು ಬಲಕ್ಕೆ ತಿರುಗತೊಡಗಿತು. ಸಿ.ಡಿ.ಯ ಮೇಲಿನ ಏಳೂ ಬಣ್ಣ ದೇವರ ಕೋಣೆಯ ಗೋಡೆಯ ಮೇಲೆಲ್ಲ ಓಡಾಡಿದವು.

ಬಸವೇಶನಿಗೆ ಆ ಕ್ಷಣಕ್ಕೇ ಅರ್ಥವಾಯಿತು. ಇಷ್ಟು ದಿನ ಅವನು ಕೆಳಗಿನ ಬಿಸಿಯನ್ನಷ್ಟೇ ಯೋಚಿಸಿದ್ದ, ಮೇಲಿನ ತಂಪನ್ನು ಮರೆತಿದ್ದ. ಅವ್ವನಿಗೂ ಆ ಕ್ಷಣಕ್ಕೇ ಅರ್ಥವಾಯಿತು. ಆಕೆಗೆ ಅರ್ಥವಾದದ್ದು ಬೇರೆ.

"ಬಲಕ್ಕ ಕೊಟ್ಟ! ಏ ಬೊಮ್ಮಮ್ಮಾ, ಬಾರಬೇ! ನನ್ನಪ್ಪ ಬಲಕ್ಕ ಕೊಟ್ಟ!"

ನಮ್ಮ ಕಡೆ ಏನಾದರೂ ನಿಶ್ಚಯ ಮಾಡಬೇಕಾದರೆ ದೇವರಿಗೆ ಹೂ ಹಚ್ಚಿ ಕೇಳುತ್ತಾರೆ. ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಹೂ ಬೀಳಲು ಕೆಲವು ಸಲ ಮಧ್ಯಾಹ್ನದವರೆಗೆ ಕಾಯಬೇಕು. ಉಪವಾಸ ಕೂತವರಿಗೆ ತಲೆ ಸುತ್ತು ಬರುತ್ತದೆ. ಇಲ್ಲಿ ನೋಡಿದರೆ ಹೂ ಇಟ್ಟ ಕೂಡಲೇ ಉತ್ತರ. ಪಕ್ಕದ ಮನೆಯ ಬೊಮ್ಮಮ್ಮ ಬಂದಳು, ಕಂಡಳು, ತನ್ನ ಎಮ್ಮೆ ಹೆಣ್ಣುಕರು ಹಾಕುತ್ತದೋ ಇಲ್ಲವೋ ಎಂದು ಕೇಳಿದಳು, ಬಲಕ್ಕೆ ತಿರುಗಿದ್ದನ್ನು ಫೋನಿನಲ್ಲಿ ಹಿಡಿದು ಸ್ಟೇಟಸ್ ಹಾಕಿದಳು. ಸಂಜೆಯ ಹೊತ್ತಿಗೆ ಕೊಟ್ಟೂರಿನಿಂದ ಜನ ಬಂದಿದ್ದರು.

ಬಸವೇಶ ಪ್ರಯತ್ನಿಸಲಿಲ್ಲವೆಂದಲ್ಲ. ಮಾರನೆಯ ದಿನ ಎಲ್ಲರ ಮುಂದೆ ಗಂಟಲು ಸರಿಮಾಡಿಕೊಂಡು, "ಅದು ಹಂಗಲ್ಲ. ಕೆಳಗ ಬಿಸಿ, ಮ್ಯಾಲ ತಂಪು..." ಎಂದು ಶುರು ಮಾಡಿದ.

"ಹೌದೋ ನನ್ನಪ್ಪಾ," ಬೊಮ್ಮಮ್ಮ ಕೈಮುಗಿದಳು, "ಕೆಳಗ ನಮಗೆಲ್ಲಾ ಬಿಸಿ, ಮ್ಯಾಲ ಅವಗ ತಂಪು. ಎಂಥಾ ಮಾತು ಹೇಳಿದಿ!"

ಜನ ಅವನ ಕಾಲಿಗೂ ಬಿದ್ದರು. ಬಸವೇಶ ಗಾಳಿಗಿರಣಿ ನೋಡತೊಡಗಿದ.

ಮಕ್ತುಂ ಸಾಬರು ಮಾತ್ರ ಸುಲಭಕ್ಕೆ ನಂಬುವವರಲ್ಲ. ಸ್ಕ್ರೂಡ್ರೈವರು ಸಮೇತ ಬಂದು, ಡಬ್ಬಿಯ ಸುತ್ತ ಮೂಸಿ, ತಳಕ್ಕೆ ಕಣ್ಣಿಟ್ಟು ನೋಡಿದರು. "ಖರೆ ಹೇಳ್ರಿ ಸರ್, ಬ್ಯಾಟ್ರಿ ಎಲ್ಲಿಟ್ಟೀರಿ?"

"ಬ್ಯಾಟ್ರಿ ಇಲ್ಲ."

"ವೈರು?"

"ಇಲ್ಲ."

ಮಕ್ತುಂ ಸಾಬರು ಸ್ಕ್ರೂಡ್ರೈವರನ್ನು ಜೇಬಿಗಿಳಿಸಿದರು. "ಮೂವತ್ತು ವರ್ಷ ಗಾಡಿ ಬಿಚ್ಚೀನ್ರಪಾ. ಒಂದು ಬ್ಯಾಟ್ರಿ ಇರಬೇಕು, ಇಲ್ಲಾ ಮ್ಯಾಲಿನವ ಇರಬೇಕು. ಮೂರನೇದು ದುನಿಯಾದಾಗ ಇಲ್ಲ." ಮೆಕ್ಯಾನಿಕ್ಕೇ ಒಪ್ಪಿದ ಮೇಲೆ ಉಳಿದವರಿಗೆ ಅನುಮಾನ ಪಡುವ ಹಕ್ಕು ಉಳಿಯಲಿಲ್ಲ.

ಚಕ್ರಕ್ಕೆ ಒಂದೇ ಒಂದು ಊನವಿತ್ತು. ಕೆಳಗೆ ದೀಪ ಇರುವತನಕ ಅದು ಬಲಕ್ಕೆ ಬಿಟ್ಟು ಬೇರೆ ಕಡೆ ತಿರುಗುತ್ತಿರಲಿಲ್ಲ. ಬಸವೇಶ ಅಚ್ಚನ್ನು ಬಗ್ಗಿಸಿದ್ದೇ ಹಾಗೆ. ಹೀಗಾಗಿ ಊರಿಗೆ ಊರೇ ಯಾವುದಕ್ಕೂ ಬೇಡ ಎನ್ನದ ಒಬ್ಬ ದೇವರ ಕೈಗೆ ಸಿಕ್ಕಿತು. ಕರಿಸಿದ್ದಪ್ಪ ತಮ್ಮನ ಮೇಲೆ ಕೋರ್ಟಿಗೆ ಹೋಗಲೇ ಎಂದು ಕೇಳಿದ, ಬಲ. ಅದೇ ಮಧ್ಯಾಹ್ನ ಆ ತಮ್ಮ ಬಂದು ಅಣ್ಣನ ಮೇಲೆ ಕೋರ್ಟಿಗೆ ಹೋಗಲೇ ಎಂದು ಕೇಳಿದ, ಬಲ. ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ನಗುಮುಖದಲ್ಲಿ, ವಕೀಲರನ್ನು ಹುಡುಕಿಕೊಂಡು ಹೋದರು. ಬೊಮ್ಮಮ್ಮನ ಎಮ್ಮೆ ಕೋಣಗರು ಹಾಕಿತು. "ಮುಂದಿನ ಸೂಲಿನ ಮಾತು ಹೇಳೈತಿ ಅದು. ದೇವರು ದೂರದ್ದು ನೋಡತಾನ," ಎಂದು ಆಕೆಯೇ ಎಲ್ಲರಿಗೂ ಸಮಾಧಾನ ಹೇಳಿದಳು.

ಆಮೇಲೆ ಬಂದದ್ದು ಸರ್ಕಾರ. ತಾಲ್ಲೂಕಿನ ಯಾವುದೋ ಕಚೇರಿಯ ಅರುಣ್ ಕುಮಾರ್ ಎಂಬ ಸಾಹೇಬರು ಜೀಪಿನಿಂದ ಇಳಿದು, "ಯಾರ ಪರ್ಮಿಷನ್ ತಗೊಂಡು ಇಲ್ಲಿ ಜನ ಸೇರಿಸ್ತಿದ್ದೀರಿ?" ಎಂದು ಗುಡುಗಿದರು.

ಬಸವೇಶನ ಎದೆ ಹಗುರಾಯಿತು. ಇವರೊಬ್ಬರು ಓದಿದವರು. "ಸರ್, ಇದು ದೇವರಲ್ಲ. ಬಿಸಿಗಾಳಿ ಎಂಜಿನ್," ಅಂದ. ಆ ತಿಂಗಳಲ್ಲಿ ಅವನು ಪೂರ್ತಿ ಮಾಡಿದ ವಿವರಣೆ ಅದೊಂದೇ.

"ಎಂಜಿನ್ನಾ? ಹಾಗಾದರೆ ಅದಕ್ಕೆ ಬೇರೆ ಇಲಾಖೆ ಪರ್ಮಿಷನ್ ಬೇಕು," ಎಂದು ಸಾಹೇಬರು ಒಳಗೆ ಇಣುಕಿದರು. ಚಕ್ರ ತಿರುಗುತ್ತಿತ್ತು. ಸಾಹೇಬರು ನೋಡಿದರು. ಹಿಂದೆ ಮುಂದೆ ನೋಡಿದರು. ಬೂಟು ಬಿಚ್ಚಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಮೆಲ್ಲಗೆ ಕೇಳಿಸಿತು: "ಸ್ವಾಮೀ, ನನಗೆ ವರ್ಗಾವಣೆ ಆಗುತ್ತಾ?"

ಬಲಕ್ಕೆ ತಿರುಗಿತು. ಅವರ ಮನಸ್ಸಿನಲ್ಲಿ ಇದ್ದದ್ದು ಹೊಸಪೇಟೆ. ಆದೇಶ ಬಂದದ್ದು ಬೀದರಿನ ಆಚೆಯ ತುದಿಗೆ. ಸಾಮಾನು ಕಟ್ಟುವ ಮುಂಚೆ ಅವರು ಕೆಂಡವಾಗಿ ಬಂದಾಗ ಮರುಳಸಿದ್ದಮ್ಮ ಕನಿಕರದಿಂದ, "ಆಗತೈತೋ ಇಲ್ಲೋ ಅಂತ ಕೇಳಿದಿ, ಆತು. ಎಲ್ಲಿಗಿ ಅಂತ ನೀ ಕೇಳಲಿಲ್ಲಲ್ಲೋ ಯಪ್ಪಾ," ಎಂದು ಮಜ್ಜಿಗೆ ಕೊಟ್ಟಳು. ಇದರಿಂದ ಡಬ್ಬಿಯ ಕೀರ್ತಿ ಹಡಗಲಿ ದಾಟಿ ಹೊಳಲಿನವರೆಗೂ ಹೋಯಿತು. ಸರ್ಕಾರಿ ನೌಕರನನ್ನೂ ಎತ್ತಿ ಒಗೆಯಬಲ್ಲ ದೇವರೆಂದರೆ ಸಾಮಾನ್ಯವೆ?

ಈ ಎಲ್ಲದರ ನಡುವೆ ಶಿವಲೀಲಾ ಒಂದು ಸಲ ಬಂದು ಬಾಗಿಲಲ್ಲಿ ನಿಂತು, "ತಿರುಗಿದ ದಿನ ಮೊದಲು ನನ್ನ ಕರೀತೀನಿ ಅಂದಿದ್ರಿ," ಅಂದಳು. ಅವನು ಹಾಗೆ ಅಂದಿರಲಿಲ್ಲ, ಅಂದದ್ದು ಅವಳೇ. ಈ ವ್ಯತ್ಯಾಸವನ್ನು ಅವನು ಯೋಚಿಸುತ್ತಿರುವಾಗ ಅವಳು ಹೋಗಿಯೂ ಆಗಿತ್ತು.

ಶಿವಲೀಲಾಳ ಅಪ್ಪ ಗಾದೆಪ್ಪ ಕುರಿ ಸಾಕಿದವನು. ಕುರಿಯ ಹಲ್ಲು ನೋಡಿ ವಯಸ್ಸು ಹೇಳಬಲ್ಲ, ಆದರೆ ಅಳಿಯನ ವಿಷಯದಲ್ಲಿ ಧೈರ್ಯ ಸಾಲದು. ಹರಪನಹಳ್ಳಿಯಿಂದ ಕೊಟ್ರಸ್ವಾಮಿ ಎಂಬ ಗಂಡು ಬಂದು ಹೋಗಿತ್ತು. ಅವನು ಹೆಣ್ಣು ನೋಡುವುದರ ಬದಲು ತನ್ನ ಜೆಸಿಬಿಯ ಫೋಟೊಗಳನ್ನು ಎಲ್ಲರಿಗೂ ತೋರಿಸಿ, ಅವಲಕ್ಕಿ ತಿಂದು, ಜೆಸಿಬಿ ಯಾವ ಯಾವ ಕಲ್ಲು ಎತ್ತುತ್ತದೆಂದು ಹೇಳಿ ಹೋಗಿದ್ದ. ಅವರ ಕಡೆಯವರು ಉತ್ತರಕ್ಕೆ ಅವಸರ ಮಾಡುತ್ತಿದ್ದರು.

"ನಾ ಏನೂ ಹೇಳಾಂಗಿಲ್ಲ," ಗಾದೆಪ್ಪ ಓಣಿಗೆ ಕೇಳುವಂತೆ ಸಾರಿದ. "ಸೋಮವಾರ ಡಬ್ಬಿ ಕೇಳತೀನಿ. ಬಲಕ್ಕ ತಿರುಗಿದ್ರ ಮಗಳನ್ನ ಹರಪನಹಳ್ಳಿಗಿ ಕೊಡತೀನಿ. ಎಡಕ್ಕ ತಿರುಗಿದ್ರ ಇಲ್ಲ. ಆಮ್ಯಾಲ ಯಾರೂ ಮಾತಾಡಬಾರದು."

ಬಸವೇಶ ಅನ್ನದ ತಟ್ಟೆಯ ಮುಂದೆ ಕೂತವನು ತುತ್ತು ಎತ್ತಲಿಲ್ಲ. ಶಿವಲೀಲಾ ಎದುರು ಮನೆಯಲ್ಲಿ ಇಲ್ಲದ ಕೂಡ್ಲಿಗಿಯನ್ನು ಅವನು ಯಾವತ್ತೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಡಬ್ಬಿ ಏನು ಹೇಳುತ್ತದೆಂದು ಲೋಕದಲ್ಲಿ ಖಚಿತವಾಗಿ ಬಲ್ಲವನು ಅವನೊಬ್ಬನೇ.

ಇಂಥ ಸಮಯದಲ್ಲಿ ನೀವಾಗಲಿ ನಾನಾಗಲಿ ಏನು ಮಾಡುತ್ತಿದ್ದೆವು? ಓಣಿ ದಾಟುತ್ತಿದ್ದೆವು. ಅಗಲ ಅಷ್ಟೇನಿಲ್ಲ, ಒಂದು ಎತ್ತಿನ ಬಂಡಿ ಹೋಗುವಷ್ಟು. "ಗಾದೆಪ್ಪ ಮಾವ, ನಿನ್ನ ಮಗಳನ್ನ ನನಗ ಕೊಡು" ಎಂದರೆ ಮುಗಿಯಿತು. ಕೊಡುವುದಿಲ್ಲ ಎಂದರೂ ಮುಗಿಯಿತು. ಬಸವೇಶ ಓದಿದವನು, ಅವನಿಗೆ ಇಷ್ಟು ಒರಟು ದಾರಿ ಹೊಳೆಯುವುದಿಲ್ಲ. ಅವನಿಗೆ ಹೊಳೆದದ್ದು ಭೌತಶಾಸ್ತ್ರ. ದೀಪದ ಜಾಗದಲ್ಲಿ ಐಸ್ ಇಟ್ಟರೆ ಕೆಳಗೆ ತಂಪು, ಮೇಲೆ ಕೂಡ್ಲಿಗಿಯ ಬೇಸಿಗೆ. ಎಲ್ಲವೂ ತಿರುವುಮುರುವಾಗಿ ಚಕ್ರ ಎಡಕ್ಕೆ ತಿರುಗಬೇಕು. ಭಾನುವಾರ ಮಧ್ಯಾಹ್ನ ಅವ್ವ ಮಲಗಿದ್ದಾಗ ಮಾಡಿ ನೋಡಿದ. ತಿರುಗಿತು. ಜೀವನದಲ್ಲಿ ಅವನು ಅಂದುಕೊಂಡ ಹಾಗೇ ಆದ ಪ್ರಯೋಗ ಅದೊಂದೇ.

ಸೋಮವಾರ ಬೆಳಿಗ್ಗೆ ಮಕ್ತುಂ ಸಾಬರ ಮಗ ಅಕ್ರಂನ ಸೋಡಾ ಅಂಗಡಿಗೆ ಹೋಗಿ ಐಸ್ ಕೇಳಿದ.

"ಇಷ್ಟು ಐಸ್ ಏನಕ ಸರ್? ಶರಬತ್ತೇನ್ರಿ?"

"ಹೂಂ."

ಅಗಲವಾದ ಬೋಗುಣಿಗೆ ಐಸ್ ಹಾಕಿ, ಸುತ್ತ ಕೆಂಪು ಬಟ್ಟೆ ಮುಚ್ಚಿ, ಮೇಲೆ ಡಬ್ಬಿ ಇಟ್ಟ. ದೀಪವನ್ನು ಮುಂದೆ ಇಟ್ಟ. "ದೀಪ ಕೆಳಗ ಯಾಕಿಲ್ಲ?" ಎಂದು ಅವ್ವ ಕೇಳಿದ್ದಕ್ಕೆ, "ಬಿಸಲು" ಅಂದ. ದೇವರಿಗೂ ಸೆಖೆಯಾಗುವುದು ಆಕೆಗೆ ನ್ಯಾಯವಾಗಿ ಕಂಡಿತು.

ಗಾದೆಪ್ಪ ತಲೆಗೆ ಬಿಳಿಯ ಪಟಗ ಸುತ್ತಿಕೊಂಡು ಬಂದ. ಹಿಂದೆ ಶಿವಲೀಲಾ, ಬೊಮ್ಮಮ್ಮ, ಮಕ್ತುಂ ಸಾಬರು, ಅರ್ಧ ಓಣಿ. ಗಾದೆಪ್ಪ ಹೂ ಕೈಗೆತ್ತಿಕೊಂಡವನು ತಡೆದು ನಿಂತ.

"ಮೊದಲ ನೀ ಕೇಳಬೇ," ಎಂದು ಮಗಳ ಕಡೆ ತಿರುಗಿದ. "ಬಾಳ್ವಿ ನಿಂದು. ನಿನ್ನ ಮನಸಿನಾಗ ಏನೈತೋ ಅದನ್ನ ಕೇಳಿಕೋ. ಬಾಯಿಬಿಟ್ಟು ಹೇಳಬ್ಯಾಡ."

ಬಸವೇಶನಿಗೆ ಇದು ಲೆಕ್ಕದಲ್ಲಿ ಇರಲಿಲ್ಲ. ಬಾಯಿ ತೆರೆದ. ಮಕ್ತುಂ ಸಾಬರು, "ಶ್! ಸುಮ್ನಿರ್ರಿ ಸರ್," ಎಂದು ಗದರಿದರು. ಅವನಿಗೆ ಹಾಗೆ ಹೇಳಬೇಕಾಗಿ ಬಂದದ್ದು ಅದೇ ಮೊದಲು. ಅವನು ಬಾಯಿ ಮುಚ್ಚಿದ.

ಶಿವಲೀಲಾ ಹೂ ಇಟ್ಟು ಕಣ್ಣು ಮುಚ್ಚಿದಳು. ಬಿಸಿಲಿಗೆ ಕಾದಿದ್ದ ತಗಡಿನ ಸೂರಿನ ಕೆಳಗೆ ಎಲ್ಲರೂ ಕತ್ತು ಚಾಚಿದರು. ಹೂ ಜಾರಿತು. ಚಕ್ರ ನಿಧಾನಕ್ಕೆ, ಬಹಳ ನಿಧಾನಕ್ಕೆ, ಎಡಕ್ಕೆ ತಿರುಗಿತು.

"ಅಯ್ಯಯ್ಯೋ ಎಡಕ್ಕ!" ಬೊಮ್ಮಮ್ಮ ಚೀರಿದಳು. ಆ ಡಬ್ಬಿ ಬೇಡವೆಂದದ್ದನ್ನು ಯಾರೂ ನೋಡಿರಲಿಲ್ಲ. ಜನ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಶಿವಲೀಲಾ ಕಣ್ಣು ಬಿಟ್ಟು ನೋಡಿದಳು. ಚಕ್ರವನ್ನು ನೋಡಿದಳು, ಆಮೇಲೆ ಯಾಕೋ ಬಸವೇಶನನ್ನು ನೋಡಿದಳು. ಸೆರಗು ಸರಿಮಾಡಿಕೊಂಡು ಎದ್ದು ಹೊರಗೆ ಹೋದಳು.

ಬಸವೇಶನಿಗೆ ಒಳಗೇ ಖುಷಿ. ಕೆಲಸ ಆಯಿತು. ಆದರೆ ಗಾದೆಪ್ಪ ಇನ್ನೂ ಕೇಳಿರಲಿಲ್ಲ. ಅವನು ಮುಂದೆ ಬರುವಷ್ಟರಲ್ಲಿ ಮರುಳಸಿದ್ದಮ್ಮ ಅಡ್ಡ ಬಂದಳು.

"ತಡಿಯಪ್ಪಾ ಗಾದೆಪ್ಪ! ನನ್ನಪ್ಪ ಸಿಟ್ಟಾಗ್ಯಾನ. ದೀಪ ಕೆಳಗಿಡದಿದ್ರ ಹೆಂಗ ತಡಕೊಂತಾನ?" ಎಂದು ಡಬ್ಬಿ ಎತ್ತಿ, ಬಟ್ಟೆ ಸರಿಸಿ, ಬೋಗುಣಿ ನೋಡಿದಳು. ಕೂಡ್ಲಿಗಿಯ ಮೇ ತಿಂಗಳಲ್ಲಿ ಐಸ್ ಮುಕ್ಕಾಲು ಪಾಲು ನೀರಾಗಿತ್ತು. "ನೋಡ್ರಿ ನನ್ನ ಮಗನ್ನ! ಬಂದವರಿಗೆ ಶರಬತ್ತಿಗಂತ ಐಸ್ ತಂದಿಟ್ಟಾನ. ಬಾಯಾಗ ಮಾತಿಲ್ಲ, ಕರುಳು ಮಾತ್ರ ಎಷ್ಟು ದೊಡ್ಡದೈತಿ!"

"ಹೌದು ಹೌದು, ನಮ್ಮ ಅಕ್ರಂ ಹೇಳಿದ್ದ," ಅಂದರು ಮಕ್ತುಂ ಸಾಬರು.

ದೀಪ ಡಬ್ಬಿಯ ಕೆಳಗೆ ಹೋಯಿತು. ಬತ್ತಿ ಎಳೆದು ದೊಡ್ಡದು ಮಾಡಿದರು. ಡಬ್ಬಿಯ ತಳ ಕಾಯುವತನಕ ಬೊಮ್ಮಮ್ಮ ಹಾಡು ಹೇಳಿದಳು. ಗಾದೆಪ್ಪ ಕೂತು, ತೊಯ್ದ ಹೂ ಇಟ್ಟು, ಗಟ್ಟಿಯಾಗಿ ಕೇಳಿದ: "ಹರಪನಹಳ್ಳಿಗಿ ಕೊಡಲೇನಪ್ಪಾ?"

ಚಕ್ರ ಬಲಕ್ಕೆ ತಿರುಗಿತು. ಇಷ್ಟು ಜೋರಾಗಿ ಅದು ಯಾವತ್ತೂ ತಿರುಗಿರಲಿಲ್ಲ. ತಳಕ್ಕೆ ದೊಡ್ಡ ಬತ್ತಿ, ಮೇಲೆ ತಣ್ಣನೆಯ ಹೂ. ಎಂಜಿನ್ನಿಗೆ ಬೇಕಾದದ್ದೆಲ್ಲ ಸಿಕ್ಕಿತ್ತು.

"ಆಕಿ ಏನೋ ಬ್ಯಾರೆ ಕೇಳ್ಯಾಳ ಬಿಡು, ಹುಡುಗಿ," ಎಂದು ಗಾದೆಪ್ಪ ನಿರಾಳವಾಗಿ ನಕ್ಕ. ಅಲ್ಲೇ ಫೋನು ಹಚ್ಚಿ ಹರಪನಹಳ್ಳಿಗೆ ಹೇಳಿದ. ಆ ಕಡೆಯಿಂದ ಜೆಸಿಬಿಯ ಸದ್ದಿನ ನಡುವೆ ಕೊಟ್ರಸ್ವಾಮಿ ಹೂಂ ಎಂದದ್ದು ಎಲ್ಲರಿಗೂ ಕೇಳಿಸಿತು. ಮರುಳಸಿದ್ದಮ್ಮ ಬೋಗುಣಿಯ ನೀರಿಗೆ ನಿಂಬೆಹಣ್ಣು ಹಿಂಡಿ, ಸಕ್ಕರೆ ಕದಡಿ, ಓಣಿಗೆಲ್ಲ ಹಂಚಿದಳು. ಬಸವೇಶನ ಕೈಗೂ ಒಂದು ಲೋಟ ಬಂತು. ಅವನು ತನ್ನ ಪ್ರಯೋಗವನ್ನು ಕೊನೆಯ ಹನಿಯವರೆಗೆ ಕುಡಿದ. ಸಕ್ಕರೆ ಹೆಚ್ಚಾಗಿತ್ತು.

ಮದುವೆಗೆ ಮುಂಚೆ ಒಂದು ಮಧ್ಯಾಹ್ನ ಶಿವಲೀಲಾ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಮರುಳಸಿದ್ದಮ್ಮ ಸಂತೆಗೆ ಹೋಗಿದ್ದಳು.

"ನನ್ನ ಬಾಬಿನ್ ಕೊಡ್ರಿ," ಅಂದಳು. "ಮಿಷನ್ ಹರಪನಹಳ್ಳಿಗಿ ಒಯ್ತೀನಿ. ಅಲ್ಲಿ ಜೆಸಿಬಿಗೆ ಅಂಗಿ ಹೊಲೀಬೇಕಲ್ಲ."

ಬಸವೇಶ ಕೂತು ಸಿ.ಡಿ.ಯನ್ನು ಒಂದು ಕೈಯಲ್ಲಿ ಹಿಡಿದ. ಬಾಬಿನ್ ಗಟ್ಟಿಯಾಗಿ ಕೂತಿತ್ತು, ಎಳೆದ. ಅದು ಬಂದ ಮೇಲೆ ಚಕ್ರ ಅಚ್ಚಿನಿಂದ ಕಳಚಿ, ನೆಲದ ಮೇಲೆ ಸ್ವಲ್ಪ ದೂರ ಉರುಳಿ, ಬಿತ್ತು.

"ನಾ ಅವತ್ತು ಕೇಳಿದ್ದು ಹರಪನಹಳ್ಳಿದಲ್ಲ," ಅಂದಳು ಅವಳು, ಬಾಬಿನ್ನಿಗೆ ಕೈ ಚಾಚಿ. "ಇಷ್ಟು ಮಾತಾಡತೀನಿ, ಇದನ್ನ ಹೇಳಾಕ ಏನೈತಿ. ಈ ಮನಿಗಿ ಸೊಸಿಯಾಗಿ ಬರತೀನೇನು ಅಂತ ಕೇಳಿದ್ದೆ. ಊರಿಗೆಲ್ಲಾ ಬಲಕ್ಕ ಕೊಡೋ ದೇವರು ನನಗೊಬ್ಬಾಕಿಗಿ ಎಡಕ್ಕ ಕೊಟ್ಟ. ಅವಗ ಬ್ಯಾಡಂದ್ರ ನಾ ಏನ್ ಮಾಡಲಿ?"

ಅವಳು ಹೋಗಲಿಲ್ಲ. ಹೊಸ್ತಿಲಲ್ಲಿ ನಿಂತಳು. ಒಂದು ಎತ್ತಿನ ಬಂಡಿ ಹಾದು ಹೋಗುವಷ್ಟು ಹೊತ್ತು ನಿಂತಳು. ಅಂಥ ಹೊತ್ತಿನಲ್ಲಿ ಮೂಗನಿಗೂ ಮಾತು ಬರುತ್ತದೆ ಎನ್ನುತ್ತಾರೆ. ಬಸವೇಶ ಗಂಟಲು ಸರಿಮಾಡಿಕೊಂಡ.

"ಎಣ್ಣಿ ಹತ್ತೈತಿ," ಅಂದ. "ಬಾಬಿನ್ನಿಗೆ. ಒರಸಿ ಹಾಕ್ಕೊ."

ಅವಳು ಸೆರಗಿನಿಂದ ಬಾಬಿನ್ ಒರೆಸಿಕೊಂಡು ಓಣಿ ದಾಟಿ ಹೋದಳು.

ಅವತ್ತು ಡಬ್ಬಿಯ ಕೆಳಗೆ ಇದ್ದದ್ದು ಅಕ್ರಂನ ಅಂಗಡಿಯ ಐಸ್ ಎಂದು ಬಸವೇಶ ಅವಳಿಗೆ ಹೇಳಲಿಲ್ಲ.